ಕ್ರಾಫ್ಟ್ಸ್‌ಮನ್ ಪೇಟ್ಕರ್

ಕುಡಚಿಯ ರೈಲು ಸೇತುವೆಯ ಕೆಳಗೆ ಹರಿಯುವ ಕೃಷ್ಣೆ ಸಾಂಗ್ಲಿ ಸೀಮೆಯನ್ನು ದಾಟಿಯೇ ಇಲ್ಲಿಗೆ ಬರುತ್ತಾಳೆ. ಆ ಸೀಮೆಯ ಇಸ್ಲಾಂಪುರದ ಮುರಳೀಕಾಂತ ಪೇಟ್ಕರ್ ನಮಗೆ ನೆರೆಯವರೇ. ಸೇನೆಯಲ್ಲಿ ಅವರದು ಇಎಂಇ ದಳ, ಹುದ್ದೆ ಕ್ರಾಫ್ಟ್ಸ್‌ಮನ್. ಟ್ಯಾಂಕು, ತೋಪು, ಲಾರಿ, ರೇಡಿಯೊ ಕೆಟ್ಟರೆ ಸರಿಮಾಡುವ ದಳವದು. ಯುದ್ಧದ ಕಥೆಗಳಲ್ಲಿ ಗುಂಡು ಹಾರಿಸಿದವರ ಹೆಸರು ಬರುತ್ತದೆ, ಪಾನಾ ಹಿಡಿದವರದು ಬರುವುದು ಅಪರೂಪ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಸಿಯಾಲ್‌ಕೋಟ್ ವಲಯದಲ್ಲಿ ಬಂದೆರಗಿದ ಗುಂಡುಗಳು ಮಾತ್ರ ಆ ಭೇದ ಮಾಡಲಿಲ್ಲ. ಪೇಟ್ಕರ್ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು.

ಚಿಕಿತ್ಸೆಗೆಂದು ನೀರಿಗಿಳಿದವರು ಈಜುಗಾರರಾದರು. ಮೊದಲೇ ಸೇನೆಯ ಬಾಕ್ಸರ್, ಹಟಕ್ಕೇನು ಕಡಿಮೆ! ಕ್ರಿಕೆಟಿಗ ವಿಜಯ್ ಮರ್ಚಂಟ್ ಅವರ ಸೇವಾಸಂಸ್ಥೆ ನೆರವಿಗೆ ಬಂತು. ಅಂಥ ಕೈಗಳಿಲ್ಲದಿದ್ದರೆ ಆ ಕಾಲದಲ್ಲಿ ವಿದೇಶಕ್ಕೆ ಹೋಗುವ ಖರ್ಚು ಎಲ್ಲಿಂದ ಹುಟ್ಟಬೇಕು? 1972ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿನಲ್ಲಿ ಮುಗಿಸಿ, ದೇಶಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು.

ಮುಂದೆ ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ನೌಕರಿ. ಪದಕಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇದೇ: ಇಷ್ಟೆಲ್ಲ ಆದ ಮೇಲೂ ಎಲ್ಲರಂತೆ ಹಾಜರಿ ಹಾಕಿ ದುಡಿದದ್ದು. ಸರಕಾರ ಅವರನ್ನು ನೆನಪಿಸಿಕೊಂಡು ಪದ್ಮಶ್ರೀ ಕೊಟ್ಟದ್ದು 2018ರಲ್ಲಿ.