ಧಮ ಒಂಬತ್ತು

ಕಳೆದ ವರ್ಷ ಮಳೆಗಾಲದಲ್ಲಿ ಮಾನ್ವಿ ಕಡೆಯ ಒಬ್ಬ ಹುಡುಗ ರಾಯಚೂರಿನಲ್ಲಿದ್ದ ನನಗೆ ಫೋನ್ ಮಾಡಿದ. ಕನ್ನಡ ಎಂ.ಎ. ಓದುತ್ತಿದ್ದಾನೆ. ಹುಟ್ಟಿನಿಂದ ದೃಷ್ಟಿ ಇಲ್ಲ. ದಾಸ ಸಾಹಿತ್ಯದ ಮೇಲೆ ನಾನು ಬರೆಯುತ್ತಿರುವ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಬೇಕೆಂದು ಕೇಳಿದ್ದ, ಹಿಂದಿನ ರಾತ್ರಿಯಷ್ಟೇ ಕಳಿಸಿದ್ದೆ.

‘ಸರ್, ನಿಮ್ಮ ಫೈಲು ಬಂತ್ರಿ. ಆದ್ರ ಅದು ಕನ್ನಡದಾಗ ಇಲ್ರಿ.’

‘ಕನ್ನಡದಾಗೇ ಅದಲ್ಲೋ ತಮ್ಮಾ. ನಾನೇ ಬರದೀನಿ.’

‘ಇಲ್ರಿ ಸರ್. ಬರೇ ಪೌಂಡು ಪೌಂಡು ಅನ್ಲಿಕತ್ತದ.’

ನಕ್ಕುಬಿಟ್ಟೆ. ಅವನೂ ನಕ್ಕ. ನಗು ಮುಗಿದ ಮೇಲೆ ಫೈಲನ್ನು ತೆರೆದು ಅಕ್ಷರವಿನ್ಯಾಸ ಬದಲಿಸಿ ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು. ನಾನು ಬರೆದದ್ದು ಹಳೆಯ ನುಡಿ ಫಾಂಟಿನಲ್ಲಿ. ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವ ಪದದ ಒಳಗೆ ಇರುವುದು ಒಂದು ಇಂಗ್ಲಿಷ್ ‘ಪಿ’, ತಲೆಯ ಮೇಲೆ ಗೀಟುಗಳಿರುವ ಕೆಲವು ‘ಎ’ಗಳು, ನಡುವೆ ಬ್ರಿಟಿಷರ ಪೌಂಡಿನ ಗುರುತು. ಫಾಂಟು ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತದೆ. ಕಣ್ಣಿಗೆ ವೇಷ ಸಾಕು. ಹುಡುಗನ ಲ್ಯಾಪ್‌ಟಾಪಿನಲ್ಲಿರುವ ಓದುವ ತಂತ್ರಾಂಶ ವೇಷವನ್ನು ನೋಡುವುದಿಲ್ಲ, ಒಳಗಿದ್ದದ್ದನ್ನೇ ಉಚ್ಚರಿಸುತ್ತದೆ.

ಇನ್ನೊಂದು ಅಧ್ಯಾಯದ ಪಿಡಿಎಫ್ ಕಳಿಸಿದೆ. ಅದು ಮಾರ್ಗದರ್ಶಕರ ತಿದ್ದುಪಡಿಯಾದ ಮೇಲೆ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ್ದು. ಅದು ಮಾತನ್ನೇ ಆಡಲಿಲ್ಲ. ತಂತ್ರಾಂಶದ ಮಟ್ಟಿಗೆ ಅದು ಖಾಲಿ ಹಾಳೆ. ಕೊನೆಗೆ ಚಿತ್ರದಿಂದ ಅಕ್ಷರ ಹೆಕ್ಕುವ ಒಂದು ಸೌಲಭ್ಯದಲ್ಲಿ ಹಾಕಿ ತೆಗೆದೆವು. ಈ ಬಾರಿ ಕನ್ನಡ ಬಂತು. ಆದರೆ ‘ಧರ್ಮ’ ಬಂದಲ್ಲೆಲ್ಲ ‘ಧಮ ಒಂಬತ್ತು’, ‘ಕರ್ಮ’ ಬಂದಲ್ಲೆಲ್ಲ ‘ಕಮ ಒಂಬತ್ತು’. ಅರ್ಕಾವತ್ತಿನ ಆಕಾರವೂ ಕನ್ನಡದ ಒಂಬತ್ತರ ಆಕಾರವೂ ಹೆಚ್ಚುಕಡಿಮೆ ಒಂದೇ ಅಲ್ಲವೇ, ಯಂತ್ರ ಅಂಕಿಯನ್ನೇ ಆರಿಸಿಕೊಂಡಿತ್ತು. ದಾಸ ಸಾಹಿತ್ಯದ ಪ್ರಬಂಧದಲ್ಲಿ ಧರ್ಮ, ಕರ್ಮ ಎಷ್ಟು ಸಲ ಬರುತ್ತವೆಂದು ಹೇಳಬೇಕಿಲ್ಲ.

ಅಂಗವೈಕಲ್ಯವಿರುವ ವಿದ್ಯಾರ್ಥಿಗಳ ಕಲಿಕೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಉಪಕರಣಗಳ ಮಾತಾಡುತ್ತೇವೆ. ಬ್ರೈಲ್ ಕಿಟ್ ಬಂತೇ, ಶ್ರವಣ ಸಾಧನ ಬಂತೇ, ಇಲಾಖೆಯ ‘ಟಾಕಿಂಗ್ ಲ್ಯಾಪ್‌ಟಾಪ್’ ಬಂತೇ. ಈ ಹುಡುಗನ ಬಳಿ ಲ್ಯಾಪ್‌ಟಾಪ್ ಇದೆ. ಅದರಲ್ಲಿರುವ ಎನ್‌ವಿಡಿಎ ಉಚಿತ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಕಟ್ಟತೊಡಗಿದ್ದು. ಅದರ ಜೊತೆಗೆ ಬರುವ ಇ-ಸ್ಪೀಕ್ ಎಂಬ ಧ್ವನಿಗೆ ಕನ್ನಡವೂ ಗೊತ್ತು. ಡಬ್ಬಿಯೊಳಗಿನಿಂದ ಮಾತಾಡಿದಂತೆ ಕೇಳುತ್ತದೆ, ನಿಜ. ಅವನಿಗೆ ಅದು ರೂಢಿಯಾಗಿ, ನನಗೆ ಒಂದು ಪದವೂ ಹಿಡಿಯದಷ್ಟು ವೇಗದಲ್ಲಿ ಕೇಳುತ್ತಾನೆ. ಅಂದರೆ ಅವನ ಕಡೆಯಿಂದ ಎಲ್ಲವೂ ಸಿದ್ಧವಾಗಿದೆ. ಸಿದ್ಧವಾಗದೆ ಉಳಿದದ್ದು ನಾವು ಬರೆದಿಟ್ಟ ಕನ್ನಡ.

ದೇವದುರ್ಗ ತಾಲ್ಲೂಕಿನಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಾಗಿರುವ ಗೆಳೆಯರೊಬ್ಬರ ಬೈಕಿನ ಹಿಂದೆ ಕೂತು ಎರಡು ದಿನ ಹಳ್ಳಿ ತಿರುಗಿದ್ದೇನೆ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದು ಅವರ ಕೆಲಸದ ಒಂದು ಭಾಗ. ಒಂದು ಮನೆಯಲ್ಲಿ ಏಳನೆಯ ತರಗತಿಯ ಹುಡುಗಿ ಬ್ರೈಲ್ ಪಾಟಿ ಹಿಡಿದು ಮೊಳೆಯಿಂದ ಚುಚ್ಚಿ ತನ್ನ ಹೆಸರು ಬರೆದು ತೋರಿಸಿದಳು. ಚುಚ್ಚುವಾಗ ಬಲದಿಂದ ಎಡಕ್ಕೆ, ಹಾಳೆ ಮಗುಚಿ ಓದುವಾಗ ಎಡದಿಂದ ಬಲಕ್ಕೆ. ಎಷ್ಟು ಚುರುಕಾಗಿ ಚುಚ್ಚುತ್ತಿದ್ದಳೆಂದರೆ ನಾನು ಮಧ್ಯೆ ಎಲ್ಲೋ ಲೆಕ್ಕ ತಪ್ಪಿದೆ. ಓದಲು ಏನಿದೆ ಎಂದು ಕೇಳಿದರೆ ಪಠ್ಯಪುಸ್ತಕದ ಎರಡು ದಪ್ಪ ಸಂಪುಟ ತಂದಿಟ್ಟಳು. ಕತೆ ಪುಸ್ತಕ? ಇಲ್ಲ. ಮೈಸೂರಿನ ಸರ್ಕಾರಿ ಬ್ರೈಲ್ ಮುದ್ರಣಾಲಯದಂಥ ಕಡೆ ಅಚ್ಚಾಗುವುದು ಹೆಚ್ಚಾಗಿ ಪಠ್ಯವೇ. ಉಬ್ಬಿದ ಚುಕ್ಕೆಯ ಒಂದು ಕಾದಂಬರಿ ಎಂದರೆ ಒಂದು ಕಪಾಟು. ‘ಸಾಮಾನು ಬರ್ತಾವ ಸರ್, ಓದಾಕ ಏನರ ಬರಬೇಕಲ್ಲ’ ಎಂದರು ಗೆಳೆಯರು, ವಾಪಸು ಬರುವಾಗ.

ಆ ಹುಡುಗಿಯ ಬ್ರೈಲ್ ನೋಡಿ ಬಂದ ಮೇಲೆ ಭಾರತಿ ಬ್ರೈಲಿನ ಕನ್ನಡ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತೆ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಎಂದು ಒಪ್ಪಿಕೊಂಡ ಪದ್ಧತಿ ಇದು. ಇದರಲ್ಲಿ ಒತ್ತಕ್ಷರ ಇಲ್ಲ, ಕೊಂಬು ಗುಡಿಸು ಯಾವುದೂ ಇಲ್ಲ. ‘ಕಿ’ ಎಂದರೆ ಕ, ಆಮೇಲೆ ಇ. ‘ಅಕ್ಕ’ ಎಂದರೆ ಅ, ಮುಂದಿನ ವ್ಯಂಜನಕ್ಕೆ ಸ್ವರವಿಲ್ಲವೆಂದು ಹೇಳುವ ಒಂದು ಚುಕ್ಕೆ, ಕ, ಇನ್ನೊಂದು ಕ. ನನ್ನನ್ನು ತಡೆದು ನಿಲ್ಲಿಸಿದ್ದು ‘ಧರ್ಮ’. ಮುದ್ರಣದಲ್ಲಿ ಧ, ಮ, ಆಮೇಲೆ ಅರ್ಕಾವತ್ತು. ಬಾಯಲ್ಲಿ ಮೊದಲು ಬರುವ ರಕಾರ ಹಾಳೆಯ ಮೇಲೆ ಕೊನೆಗೆ ಕೂತಿರುತ್ತದೆ. ಬ್ರೈಲಿನಲ್ಲಿ ಧ, ಚುಕ್ಕೆ, ರ, ಮ. ಕಿವಿಗೆ ಬೀಳುವ ಸರದಿಯಲ್ಲೇ ಬೆರಳಿಗೂ ಸಿಗುತ್ತದೆ. ಯೂನಿಕೋಡೂ ಹಾಗೆಯೇ: ನಾವು ಪರದೆಯಲ್ಲಿ ಅರ್ಕಾವತ್ತನ್ನು ಎಲ್ಲೇ ನೋಡಿದರೂ ಒಳಗೆ ರಕಾರ ಮಕಾರಕ್ಕಿಂತ ಮೊದಲೇ ಇರುತ್ತದೆ. ಹಳೆಯ ನುಡಿ ಫಾಂಟು ಹಾಗಲ್ಲ, ಕಂಡ ಸರದಿಯಲ್ಲೇ ಕೂಡಿಡುತ್ತದೆ. ಎರಡು ಬೇರೆ ಬೇರೆ ಕನ್ನಡಗಳಿವು: ಒಂದು ನುಡಿದಂತೆ ಇಟ್ಟದ್ದು, ಇನ್ನೊಂದು ಕಂಡಂತೆ ಇಟ್ಟದ್ದು. ಎರಡನೆಯದರ ಹೆಸರು ‘ನುಡಿ’ ಎಂದಿರುವುದು ಕಾಕತಾಳೀಯ.

ನುಡಿಯನ್ನು ದೂರುತ್ತಿಲ್ಲ. ಕನ್ನಡ ಗಣಕ ಪರಿಷತ್ತು ಅದನ್ನು ಉಚಿತವಾಗಿ ಕೊಡದಿದ್ದರೆ ನನ್ನಂಥವರು ಕಂಪ್ಯೂಟರಿನಲ್ಲಿ ಕನ್ನಡವನ್ನೇ ಬರೆಯುತ್ತಿರಲಿಲ್ಲ. ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದರೂ ನಮ್ಮ ಡಿಟಿಪಿ ಅಂಗಡಿಗಳ ಕೈ ಹಳೆಯದಕ್ಕೇ ಪಳಗಿದೆ, ಪ್ರಕಾಶಕರ ಪುಟವಿನ್ಯಾಸ ಅದಕ್ಕೇ ಹೊಂದಿಕೊಂಡಿದೆ, ಸಂಶೋಧಕರು ಅಂಗಡಿಯವರು ಹೇಳಿದಂತೆ ಕೇಳುತ್ತೇವೆ. ಶೋಧಗಂಗಾದಲ್ಲಿರುವ ಕನ್ನಡ ಪ್ರಬಂಧಗಳನ್ನು ಒಮ್ಮೆ ತೆರೆದು ಒಂದು ಸಾಲನ್ನು ನಕಲಿಸಿ ಬೇರೆ ಕಡೆ ಅಂಟಿಸಿ ನೋಡಿ. ಎಷ್ಟೋ ಪ್ರಬಂಧಗಳಿಂದ ಬರುವುದು ಪೌಂಡುಗಳು, ಇಲ್ಲವೇ ಏನೂ ಬರುವುದಿಲ್ಲ. ಅಂಚಿನವರ ದನಿ ಎಂದು ಶೀರ್ಷಿಕೆ ಇರುವ ಪ್ರಬಂಧಗಳೂ ಇದರಲ್ಲಿವೆ, ನಮ್ಮ ತಲೆಮಾರಿಗೆ ಆ ಶೀರ್ಷಿಕೆ ಬಲು ಇಷ್ಟ.

ಕಾನೂನು ಅಡ್ಡಿ ಎನ್ನುವಂತೆಯೂ ಇಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಬದಲಿಸುವುದು ಉಲ್ಲಂಘನೆಯಲ್ಲ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶವೇ ನಮ್ಮದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು, ಅದೇ ವರ್ಷ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯವೂ ಬಂತು. ಬಾಗಿಲು ತೆರೆದಿದೆ, ಒಳಗೆ ಇಡಬೇಕಾದ ಕನ್ನಡ ನಮ್ಮ ಹತ್ತಿರ ಚಿತ್ರವಾಗಿ ಕೂತಿದೆ.

ಒಳ್ಳೆಯ ಮನಸ್ಸಿನವರು ಇದಕ್ಕೆ ಒಂದು ದಾರಿ ಹುಡುಕಿಕೊಂಡಿದ್ದಾರೆ: ಪುಸ್ತಕವನ್ನು ಓದಿ ಧ್ವನಿಮುದ್ರಿಸಿ ಕೊಡುವುದು. ನಾನೂ ಮಾಡಿದ್ದೇನೆ. ಆದರೂ ಇದರ ಬಗ್ಗೆ ನನಗೆ ತಕರಾರಿದೆ. ಧ್ವನಿಮುದ್ರಿಕೆಯಲ್ಲಿ ಪುಟ ಹುಡುಕಲಾಗದು, ಅಡಿಟಿಪ್ಪಣಿಗೆ ಹೋಗಿ ಬರಲಾಗದು, ಮುಖ್ಯವಾಗಿ ಕಾಗುಣಿತ ಸಿಗದು. ನಮ್ಮ ಕಡೆ ಮಾತಿನಲ್ಲಿ ಮಹಾಪ್ರಾಣ ಸುಲಭಕ್ಕೆ ಉಳಿಯುವುದಿಲ್ಲ, ಶ ಷ ಸ ಕಲೆಸಿಹೋಗುತ್ತವೆ. ನಾನು ಓದಿದ್ದನ್ನು ಕೇಳಿದವನಿಗೆ ನನ್ನ ನಾಲಿಗೆಯ ತಪ್ಪುಗಳೂ ಪಾಠವಾಗುತ್ತವೆ. ಪರೀಕ್ಷೆಯಲ್ಲಿ ಲಿಪಿಕಾರನಿಗೆ ‘ಭಾಮಿನಿ ಷಟ್ಪದಿ’ ಎಂದು ಹೇಳಿ ಬರೆಸುವಾಗ ಯಾವ ಷ ಎಂದು ಆತ ಕೇಳಿದರೆ? ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚು ಕೊಟ್ಟರೂ ಅದು ಹೊಳೆಯಬೇಕಲ್ಲ. ಯೂನಿಕೋಡಿನ ಪಠ್ಯವಾದರೆ ಬಾಣದ ಕೀಲಿ ಒತ್ತುತ್ತ ಒಂದೊಂದೇ ಅಕ್ಷರ ಕೇಳಬಹುದು. ಯಂತ್ರದ ಒಣ ಧ್ವನಿಯನ್ನೇ ನಾನು ಮನುಷ್ಯರ ಇಂಪಾದ ಓದಿಗಿಂತ ಮೇಲೆ ಇಡುವುದು ಇದಕ್ಕೇ. ಕಿವಿ ಕೇಳದ ವಿದ್ಯಾರ್ಥಿಗಳ ಮಾತು ಪೂರ್ತಿ ಬೇರೆ. ಸಂಜ್ಞೆಯೇ ಮೊದಲ ಭಾಷೆಯಾದವರಿಗೆ ಕನ್ನಡ ಎರಡನೆಯದು, ಅದನ್ನು ಇಲ್ಲಿ ಎರಡು ಸಾಲಿನಲ್ಲಿ ಮುಗಿಸುವುದು ಸರಿಯಲ್ಲ.

ಇದೆಲ್ಲ ಈ ಊರುಗಳಲ್ಲಿ ನಡೆಯುತ್ತಿರುವುದು ನನಗೆ ಹೆಚ್ಚು ಚುಚ್ಚುತ್ತದೆ. ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಟ್ಟಿನವರು, ವಿಜಯದಾಸರು ಅದೇ ಸೀಮೆಯ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಹಾಡಿ ಕೇಳಿಸಿ ಉಳಿಸಿದ ಸಾಹಿತ್ಯ ಇದು. (ಜಗನ್ನಾಥದಾಸರು ತೀರಿಕೊಂಡ 1809ರಲ್ಲೇ ಲೂಯಿ ಬ್ರೈಲ್ ಹುಟ್ಟಿದ್ದು. ಇದರಿಂದ ಏನೂ ಸಾಬೀತಾಗುವುದಿಲ್ಲ, ಪ್ರಬಂಧದಲ್ಲಿ ಹಾಕಲಾಗದ್ದನ್ನು ಇಲ್ಲಿ ಹಾಕುತ್ತಿದ್ದೇನೆ.) ಈ ಹುಡುಗ ಹರಿಕಥಾಮೃತಸಾರವನ್ನು ಗುಡಿಯ ಮೈಕಿನಲ್ಲಿ ಕೇಳಿ ಬೆಳೆದವನು, ಹಲವು ಸಂಧಿಗಳು ಬಾಯಿಗೆ ಬರುತ್ತವೆ. ಅದೇ ಕೃತಿಯ ಮೇಲಿನ ವಿಮರ್ಶೆ ಅವನಿಗೆ ಓದಲು ಸಿಗುವುದಿಲ್ಲ. ವಚನ ಸಾಹಿತ್ಯಕ್ಕೆ ‘ವಚನ ಸಂಚಯ’ ಇದೆ, ವಿಕಿಸೋರ್ಸ್‌ನಲ್ಲಿಯೂ ಒಂದಷ್ಟು ಮೂಲಪಠ್ಯವಿದೆ. ಅವು ಸ್ವಯಂಸೇವಕರು ಕಟ್ಟಿದ್ದು. ಮೂಲದ ಮೇಲೆ ನಾವು ಬರೆದ ಮಾತುಗಳನ್ನು ನಾವೇ ಬೀಗ ಹಾಕಿಟ್ಟಿದ್ದೇವೆ.

ನನ್ನ ಅಧ್ಯಾಯವನ್ನು ಪರಿವರ್ತಕಕ್ಕೆ ಹಾಕಿದೆ. ನಡುವೆ ಇದ್ದ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾದವು. ಕೂತು ತಿದ್ದಿದೆ, ಹನ್ನೊಂದು ರಾತ್ರಿ ಹಿಡಿಯಿತು. ಷಟ್ಪದಿಗಳದ್ದೇ ಬೇರೆ ಕತೆ: ಮುದ್ರಣದಲ್ಲಿ ಪದ ಅರ್ಧಕ್ಕೆ ಮುರಿದು ಮುಂದಿನ ಸಾಲಿಗೆ ಹೋಗಿರುತ್ತದೆ, ಯಂತ್ರ ಎರಡು ತುಂಡನ್ನೂ ಎರಡು ಪದವೆಂದು ಓದುತ್ತದೆ. ಸಾಲು ಕೂಡಿಸಿದರೆ ಛಂದಸ್ಸು ಕಾಣುವುದಿಲ್ಲ, ಬಿಟ್ಟರೆ ಅರ್ಥ ಕೇಳುವುದಿಲ್ಲ. ಎರಡು ರೂಪದಲ್ಲೂ ಕೊಟ್ಟೆ.

ವಾರದ ನಂತರ ಅವನ ಫೋನು. ಅಧ್ಯಾಯ ಹೇಗಿದೆ ಎಂದು ಹೇಳಲಿಲ್ಲ.

‘ಸರ್, ಎರಡನೇ ಪದ್ಯ, ಮೂರನೇ ಸಾಲು. ಒಂದು ಮಾತ್ರಿ ಕಡಿಮಿ ಬೀಳ್ತದ್ರಿ.’

ಭಾಮಿನಿಯ ಮೂರನೆಯ ಸಾಲಿಗೆ ಇಪ್ಪತ್ತಮೂರು ಮಾತ್ರೆ ಬೇಕು. ಎಣಿಸಿದೆ, ಇಪ್ಪತ್ತೆರಡಿತ್ತು. ಒಂದು ದೀರ್ಘ ಬಿಟ್ಟುಹೋಗಿತ್ತು. ಪರಿವರ್ತಕದ ತಪ್ಪಿರಬೇಕೆಂದು ಹಳೆಯ ನುಡಿ ಪ್ರತಿಯನ್ನು ತೆರೆದು ನೋಡಿದೆ. ಅಲ್ಲಿಯೂ ಬಿಟ್ಟೇ ಇತ್ತು. ಮೂರು ವರ್ಷದಿಂದ ನಾನು, ನನ್ನ ಮಾರ್ಗದರ್ಶಕರು, ಅಂಗಡಿಯ ಟೈಪಿಸ್ಟು ಎಲ್ಲರೂ ಆ ಸಾಲನ್ನು ನೋಡಿದ್ದೆವು. ತಿದ್ದಿದೆ. ಉಳಿದ ಅಧ್ಯಾಯಗಳಲ್ಲಿ ಎರಡು ಇನ್ನೂ ನುಡಿಯಲ್ಲಿಯೇ ಇವೆ, ಅವನು ಕೇಳುತ್ತಿದ್ದಾನೆ.