ಬರೀ ಜಿಂಕೆ

ಮಸಾಯಿ ಮಾರಾಕ್ಕೆ ಹೋಗಿಬಂದ ಬೆಂಗಳೂರು, ಮೈಸೂರಿನ ಕುಟುಂಬಗಳು ಬಂಡೀಪುರದ ಬಗ್ಗೆ ಕೊಡುವ ತೀರ್ಪು ಗಿಡ್ಡದು: ಅಲ್ಲೇನಿದೆ, ಬರೀ ಜಿಂಕೆ. ಈ ಹೋಲಿಕೆಯಲ್ಲಿ ಕೀನ್ಯಾದ ರೈಲೂ ಬಂದು ಸೇರಿಕೊಳ್ಳುತ್ತದೆ. ನೈರೋಬಿಯಿಂದ ಮೊಂಬಾಸಾಕ್ಕೆ 2017ರಲ್ಲಿ ಶುರುವಾದ ರೈಲು ತ್ಸಾವೋ ಕಾಡನ್ನು ಹಾದುಹೋಗುತ್ತದೆ. ಅದೃಷ್ಟವಿದ್ದರೆ ಮಕ್ಕಳು ಬಿಸ್ಕತ್ತು ತಿನ್ನುತ್ತಲೇ ಕೆಮ್ಮಣ್ಣು ಮೆತ್ತಿದ ಆನೆಯನ್ನು ಕಿಟಕಿಯಲ್ಲಿ ನೋಡಬಹುದು. ನಮ್ಮ ರೈಲೋ ಚಾಮರಾಜನಗರಕ್ಕೆ ಬಂದು ನಿಂತುಬಿಡುತ್ತದೆ, ಗುಂಡ್ಲುಪೇಟೆಯವರಿಗೆ ಇವತ್ತಿಗೂ ಬಸ್ಸೇ ಗತಿ. ಇದನ್ನೆಲ್ಲ ಒಟ್ಟು ಹಾಕಿ ಬಂಡೀಪುರದ ಸಫಾರಿ ಕಳಪೆ ಅನ್ನುವುದು ಈಗ ಜಾಣರ ಮಾತು. ನನಗೆ ಆ ಮಾತು ಒಪ್ಪಿಗೆಯಿಲ್ಲ.

ಮಹಾರಾಜರ ಬೇಟೆಕಾಡು, 1973ರ ಹುಲಿ ಯೋಜನೆ ಇವೆಲ್ಲ ಓದುಗರಿಗೆ ಗೊತ್ತಿರುವ ಕಥೆ. ಪ್ರಿನ್ಸ್ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. 2017ರಲ್ಲಿ ಸತ್ತ ಆ ಗಂಡುಹುಲಿ ಗಾಡಿಗಳ ಎದುರು ನಿರಾತಂಕವಾಗಿ ಅಡ್ಡಾಡಿ, ಕ್ಯಾಮೆರಾಗಳಿಗೆ ಮುಖ ಕೊಟ್ಟು, ಒಂದು ತಲೆಮಾರಿನ ಪ್ರೇಕ್ಷಕರನ್ನು ಕೆಡಿಸಿಟ್ಟಿತು. 2022ರ ಎಣಿಕೆಯಲ್ಲಿ ಬಂಡೀಪುರದ ಹುಲಿಗಳು 150. ಆ ಸಂಖ್ಯೆಯನ್ನು ಜನ ಟಿಕೆಟಿನ ಹಿಂದೆ ಬರೆದುಕೊಟ್ಟ ವಾಗ್ದಾನದಂತೆ ಓದಿಕೊಳ್ಳುತ್ತಾರೆ. ಸಫಾರಿ ಓಡುವುದು ಕಾಡಿನ ಒಂದು ತುಣುಕಿನಲ್ಲಿ, ಅದರಲ್ಲೂ ಆಳೆತ್ತರದ ಲಂಟಾನ ಪೊದೆಗಳ ನಡುವೆ ಅನ್ನುವುದು ಯಾರಿಗೂ ಬೇಡ.

ನನ್ನ ಮಟ್ಟಿಗೆ ಸಫಾರಿಯ ಕಲೆಯೆಲ್ಲ ಇರುವುದು ಚಾಲಕ ಗಾಡಿ ಆಫ್ ಮಾಡುವ ಗಳಿಗೆಯಲ್ಲಿ. ಒಂದು ಸಂಜೆ ಕೆರೆ ಏರಿಯ ಹತ್ತಿರ ಬಸ್ಸು ಗಡಗಡಿಸಿ ನಿಂತಿತು. "ಸುಮ್ನಿರಿ ಸಾ, ಜಿಂಕ ಕೂಗ್ತಾ ಅದ" ಎಂದ ಚಾಲಕ. ಮೇಯುತ್ತಿದ್ದ ಹಿಂಡಿನ ತಲೆಗಳೆಲ್ಲ ಮೇಲೆದ್ದು, ಕಿವಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದ್ದವು. ಮುಂದಿದ್ದ ಹೆಣ್ಣುಜಿಂಕೆ ಬಾಲ ನಿಗುರಿಸಿ, ಮುಂಗಾಲಲ್ಲಿ ನೆಲ ಗುದ್ದಿತು. ಮತ್ತಿಮರದ ಮೇಲಿನ ಮುಸುವ ಎಲೆ ಕೀಳುವುದನ್ನು ಬಿಟ್ಟು ಕೆಮ್ಮಿದ ಹಾಗೆ ಕೂಗಿತು. ನನ್ನ ಮುಂದಿನ ಸೀಟಿನಾಕೆ ಗಂಡನಿಗೆ ಹೇಳಿದ್ದು: "ಬರೀ ಜಿಂಕೆ ರೀ. ಹುಲಿ ಯಾವಾಗ ಬರತ್ತೆ?"

ಹುಲಿ ಆಗಲೇ ಬಂದಾಗಿತ್ತು, ಅಥವಾ ಚಿರತೆ. ಯಾವುದು ಅನ್ನುವುದೇ ಅಲ್ಲಿ ಓದಬೇಕಾಗಿದ್ದ ಪಾಠ. ಜಿಂಕೆ ಅಂಜುಬುರುಕ, ಸಣ್ಣ ನೆಪಕ್ಕೂ ಕೂಗುತ್ತದೆ. ಮುಸುವಕ್ಕೆ ಮೇಲಿನಿಂದ ಕಾಣುತ್ತದಾದ್ದರಿಂದ ಅದರ ಸಾಕ್ಷ್ಯಕ್ಕೆ ತೂಕ ಹೆಚ್ಚು. ಕಡವೆಯೂ ದನಿಗೂಡಿಸಿದರೆ ಅನುಮಾನ ಮುಕ್ಕಾಲು ತೀರಿದಂತೆ. ಇದಕ್ಕಿಂತ ಸೋಜಿಗದ ಸಂಗತಿಯೆಂದರೆ ಕೂಗುವ ಜಿಂಕೆ ಓಡದೆ ನಿಂತಿರುವುದು. ಹೊಂಚಿ ಮೇಲೆರಗುವ ಪ್ರಾಣಿಗೆ ತನ್ನನ್ನು ಕಂಡುಬಿಟ್ಟರೆಂದು ತಿಳಿದರೆ ಅರ್ಧ ಬೇಟೆ ಕೆಟ್ಟ ಹಾಗೆ. ಆ ಕೂಗು ಹಿಂಡಿಗೆಷ್ಟೋ ಹುಲಿಗೂ ಅಷ್ಟೇ. ಅಟ್ಟಿಸಿಕೊಂಡೇ ಕೊಲ್ಲುವ ಸೀಳುನಾಯಿಗಳ ಮುಂದೆ ಈ ಉಪಾಯ ನಡೆಯದು, ಅಲ್ಲಿ ಓಟವೇ ದಾರಿ. ಹಾಗಾಗಿ ಜಿಂಕೆಯ ಕಾಲುಗಳನ್ನು ನೋಡಿಯೇ ಪೊದೆಯಲ್ಲಿರುವವರ ಜಾತಿಯನ್ನು ಊಹಿಸಬಹುದು. ಎಲ್ಲವೂ ಕಣ್ಣಿಗೆ ಬೀಳುವ ಮಾರಾದ ಬಯಲಿನಲ್ಲಿ ಇಂಥ ಓದಿನ ಅಗತ್ಯ ಕಡಿಮೆ. ಬಂಡೀಪುರ ಕಿವಿಯ ಕಾಡು.

ಅಷ್ಟರಲ್ಲಿ ಬೇರೆ ದಾರಿಯಲ್ಲಿ ಹುಲಿ ಕೂತಿದೆಯೆಂಬ ಸುದ್ದಿ ಬಂತು. ಗಾಡಿ ಸ್ಟಾರ್ಟ್ ಆಯಿತು, ಧೂಳೆದ್ದಿತು, ಕಾಡು ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಂತಿತು. ಅಲ್ಲಿ ಹೋದರೆ ನಾಲ್ಕಾರು ಗಾಡಿಗಳ ಸಾಲು, ಲಂಟಾನದ ಸಂದಿಯಲ್ಲಿ ಒಂದಿಷ್ಟು ಹಳದಿ. ಬಸ್ಸಿನ ಅರ್ಧ ಜನಕ್ಕೆ ಅದೂ ಕಾಣಲಿಲ್ಲ. ಬಂಡೀಪುರದ ಸಫಾರಿಯ ದೋಷ ಇದೊಂದೇ, ಆದರೆ ದೊಡ್ಡದು: ತನ್ನ ಅತ್ಯುತ್ತಮ ಪ್ರಸಂಗವನ್ನು ತಾನೇ ಕತ್ತರಿಸಿ ಎಸೆಯುತ್ತದೆ.

ವಿಮರ್ಶಕರ ಗಮನ ಇತ್ತ ಬೀಳುವುದೇ ಇಲ್ಲ. 2025ರ ನವೆಂಬರಿನಲ್ಲಿ, ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ, ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿದಾಗ ಎರಡು ಬಣ ಎದ್ದವು. ಸಫಾರಿ ಗಾಡಿಗಳ ಕಾಟಕ್ಕೇ ಹುಲಿ ಊರಿಗೆ ಬರುತ್ತದೆ ಎಂದರು ಒಂದು ಕಡೆಯವರು. ರೆಸಾರ್ಟು, ಹೋಟೆಲು, ಜೀಪಿನವರ ಹೊಟ್ಟೆಪಾಡು ಏನಾಗಬೇಕು ಎಂದರು ಇನ್ನೊಂದು ಕಡೆಯವರು. ಕಾಡಂಚಿನಲ್ಲಿ ದನ ಮೇಯಿಸುವವರ ಸಿಟ್ಟು ನ್ಯಾಯವಾದದ್ದೇ. ಆದರೆ ಬಸ್ಸಿನಲ್ಲಿ ಕೂತವರು ಬೇಸರದಿಂದ ಕೇಳುವ ಅದೇ ಜಿಂಕೆಯ ಕೂಗು ಈ ದನ ಮೇಯಿಸುವವರಿಗೆ ಮನೆಗೆ ಜೀವಂತ ಮರಳುವ ವಿದ್ಯೆ ಎಂಬುದನ್ನು ಎರಡೂ ಬಣದವರು ಎತ್ತಲಿಲ್ಲ. ಸಫಾರಿ ಬೇಕು, ಬೇಡ ಅನ್ನುವವರು ಸಫಾರಿಯೊಳಗೆ ಏನಿದೆ ಎಂದು ಇಣುಕಿಯೂ ನೋಡಲಿಲ್ಲ.

ಇನ್ನು ರೈಲಿನ ಅಭಿಮಾನಿಗಳು. ಈ ಕಾಡಿನ ಮೂಲಕ ಹಾಕಬೇಕೆನ್ನುವ ನಂಜನಗೂಡು–ನಿಲಂಬೂರು ರೈಲುಮಾರ್ಗದ ಮಾತು ಬಂದಾಗಲೆಲ್ಲ ಇವರು ತ್ಸಾವೋ ಕಡೆ ಕೈ ತೋರಿಸುತ್ತಾರೆ: ಅಲ್ಲಿ ಆನೆ ಹಳಿಯ ಅಡಿಯಲ್ಲಿ ಹಾದುಹೋಗುವುದಿಲ್ಲವೇ? ಹೋಗುತ್ತದೆ, ಕೆಳದಾರಿಗಳನ್ನು ಬಿಟ್ಟೇ ಕಟ್ಟಿದ್ದಾರೆ. ಆದರೆ ಅಲ್ಲಿನ ಬಯಲಿನ ಜಾಣ್ಮೆಯನ್ನು ಇಲ್ಲಿನ ದಟ್ಟ ಕಾಡಿಗೆ ಅಂಟಿಸುವುದು, ಕಿಟಕಿಯಲ್ಲಿ ಕಾಣುವ ಆ ಪುಕ್ಕಟೆ ಆನೆಯ ಆಸೆಗೆ ಮಾಡುವ ವಕೀಲಿಕೆ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ನಿಲ್ಲಿಸಲು 2009ರಿಂದ ಎಷ್ಟು ಹೋರಾಟ, ಎಷ್ಟು ಕೋರ್ಟು! ಹಾಗೆ ಗಳಿಸಿದ ನಿಶ್ಶಬ್ದವನ್ನು ಹಳಿಯ ಮೇಲೆ ಹಾಕಲಾಗದು. ಮಾರಾದ ವೈಭವ ದೊಡ್ಡದೇ, ಅಲ್ಲಗಳೆಯುವುದಿಲ್ಲ; ಇಲ್ಲಿಗೆ ಅದು ಅಳತೆಗೋಲಲ್ಲ ಅಷ್ಟೇ.

ಬಂಡೀಪುರದ ಸಫಾರಿ ಸುಧಾರಿಸಲು ಹೊಸ ಗಾಡಿಯೂ ಬೇಡ, ಹೊಸ ದಾರಿಯೂ ಬೇಡ. ಕೂಗು ಕೇಳಿದ ಕಡೆ ಕಾಯಲು ಚಾಲಕನಿಗೆ ಬಿಡುವು ಕೊಟ್ಟು, ಅವನ ಪಕ್ಕದಲ್ಲಿ ಹಾಡಿಯ ಜೇನುಕುರುಬರೊಬ್ಬರನ್ನು ಕೂರಿಸಿ, ಅವರಿಗೆ ಮಾತಾಡಲು ಅವಕಾಶ ಕೊಟ್ಟರೆ ಸಾಕು. ಸದ್ಯಕ್ಕೆ ಆ ಸೀಟನ್ನು ಉದ್ದ ಲೆನ್ಸಿನವರು ಮೊದಲೇ ಹಿಡಿದಿರುತ್ತಾರೆ.