ಶ್ರೀರಂಗಪಟ್ಟಣಕ್ಕೆ ಮುಗಿಯದ ಕನಸು

ಗಿರೀಶ ಕಾರ್ನಾಡರ ‘ಟಿಪೂ ಸುಲ್ತಾನ ಕಂಡ ಕನಸು’ ನಾಟಕವನ್ನು ಶಿಕಾರಿಪುರ, ಸೊರಬದ ಕಡೆಯಿಂದ ಓದುವವರಿಗೆ ಅದರ ಹಿರಿಮೆಯೂ ಕೊರತೆಯೂ ಬೇರೆಯಾಗಿ ಕಾಣುತ್ತವೆ. ಮೊದಲು ಬಿಬಿಸಿ ರೇಡಿಯೊಗಾಗಿ ಹುಟ್ಟಿದ ಈ ಕೃತಿಗೆ ಆಧಾರ ಟಿಪ್ಪು ತನ್ನ ಕೈಯಾರೆ ಪಾರಸಿಯಲ್ಲಿ ಬರೆದಿಟ್ಟ ಕನಸುಗಳ ಪುಸ್ತಕ. 37 ಕನಸುಗಳ ಆ ಪುಸ್ತಕವನ್ನು ಆತ ಆಪ್ತರಿಗೂ ತೋರಿಸದೆ ಬಚ್ಚಿಟ್ಟಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿದ್ದ ಮೇಲೆ ಅರಮನೆಯ ಮಲಗುವ ಕೋಣೆಯಲ್ಲಿ ಅದು ಕರ್ನಲ್ ಕರ್ಕ್‌ಪ್ಯಾಟ್ರಿಕ್‌ಗೆ ಸಿಕ್ಕಿತು, ಮುಂದೆ ಲಂಡನ್ ಸೇರಿತು. ಟಿಪ್ಪುವೆಂದರೆ ಹುಲಿ ಎಂಬ ಚಿತ್ರಕ್ಕೆ ಅಂಟಿಕೊಂಡ ನಮ್ಮ ಕಣ್ಣನ್ನು ಕಾರ್ನಾಡರು ಈ ಪುಸ್ತಕದ ಕಡೆ ತಿರುಗಿಸಿದ್ದೇ ದೊಡ್ಡ ಕೆಲಸ.

ಅವರ ಟಿಪ್ಪು ಯೋಚಿಸುವ ಮನುಷ್ಯ. ಈಸ್ಟ್ ಇಂಡಿಯಾ ಕಂಪನಿಯ ನಿಜವಾದ ಬಲ ಫಿರಂಗಿಗಿಂತ ಹೆಚ್ಚಾಗಿ ವ್ಯಾಪಾರದಲ್ಲಿದೆ ಎಂದು ಅರಿತವನು. ಚರಿತ್ರೆಯೂ ಇದನ್ನೇ ಹೇಳುತ್ತದೆ. ರೇಷ್ಮೆ ಬೆಳೆಸಿದ, ಮಸ್ಕತ್ತಿನಲ್ಲಿ ಕೋಠಿ ತೆರೆದ, ಫ್ರಾನ್ಸಿನಿಂದ ಕುಶಲಕರ್ಮಿಗಳನ್ನು ಕೇಳಿ ತರಿಸಿದ, ತುರ್ಕಿ ಸುಲ್ತಾನನಲ್ಲಿಗೆ ರಾಯಭಾರ ಕಳಿಸಿದ. ಮೆಣಸು, ಏಲಕ್ಕಿ, ಶ್ರೀಗಂಧ ಕಂಪನಿಯ ಕೈಗೆ ಸಿಗದಂತೆ ಬಾಗಿಲು ಹಾಕಿದ. ಸಾಮ್ರಾಜ್ಯಶಾಹಿಗೆ ಇಷ್ಟು ಸ್ಪಷ್ಟವಾದ ಆರ್ಥಿಕ ಉತ್ತರ ಕೊಡಲು ಹೊರಟ ಅರಸರು ಆ ಕಾಲದಲ್ಲಿ ವಿರಳ.

ಆದರೆ ಗಂಧ ಬೆಳೆಯುವುದು ದರ್ಬಾರಿನಲ್ಲಲ್ಲ. ಅದು ಸೊರಬ, ಸಾಗರದ ಗುಡಿಗಾರರ ಉಳಿಗೆ ಸಿಗುವ ಮರ. ಅದು ಸರ್ಕಾರದ ಸೊತ್ತಾದಾಗ ಸ್ವಂತ ಹೊಲದಲ್ಲಿ ಮರವಿದ್ದ ರೈತನ ಪಾಡೇನಾಯಿತು? ಸರಕಿನ ಬೆಲೆ ಬಲ್ಲ ನಾಟಕ ಆ ಸರಕಿನ ಹಿಂದಿನ ಕೈಗಳನ್ನು ಕೇಳಿಸಿಕೊಳ್ಳುವುದಿಲ್ಲ. ಮೇಲಿಂದ ಇಳಿದ ಸುಧಾರಣೆಗೆ ಕೆಳಗಿನವರು ತೆತ್ತ ಬೆಲೆಯೂ ಟಿಪ್ಪುವಿನ ಕತೆಯೇ.

ಇನ್ನೂ ದೊಡ್ಡ ಗೈರುಹಾಜರಿ ಧೋಂಡಿಯಾ ವಾಘನದು. ಚನ್ನಗಿರಿಯ ಈ ಮರಾಠ ಯೋಧನನ್ನು ಟಿಪ್ಪು ಸೇನೆಗೆ ಸೇರಿಸಿಕೊಂಡ, ಇಸ್ಲಾಮಿಗೆ ಮತಾಂತರಿಸಿದ, ಕೊನೆಗೆ ಸೆರೆಗೆ ತಳ್ಳಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ ಧೋಂಡಿಯಾ, ದಿಕ್ಕುಗೆಟ್ಟ ಸುಲ್ತಾನನ ಸಿಪಾಯಿಗಳನ್ನು ಕಟ್ಟಿಕೊಂಡು ಬಿದನೂರು ನಗರದ ಸೀಮೆಗೆ ಬಂದು ಕಂಪನಿಯ ವಿರುದ್ಧ ನಿಂತ. ಅದೇ ವರ್ಷದ ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಅವನ ಕುದುರೆಪಡೆ ಸೋತಿತು, ಕೋಟೆ ಇಂಗ್ಲಿಷರ ಪಾಲಾಯಿತು. ಆದರೂ ಅವನನ್ನು ಮುಗಿಸಲು ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಗೆ 1800ರ ಸೆಪ್ಟೆಂಬರ್ 10ರವರೆಗೆ, ಕೋಣಗಲ್ಲಿನ ಕಾಳಗದವರೆಗೆ ಬೆನ್ನಟ್ಟಬೇಕಾಯಿತು.

ಧೋಂಡಿಯಾನನ್ನು ವೀರನೆಂದು ಹೊಗಳಿ ಸುಮ್ಮನಾಗುವಂತಿಲ್ಲ. ಅವನ ದಂಡು ಮಲೆನಾಡಿನ ಊರುಗಳನ್ನು ಸುಲಿದದ್ದೂ ನಿಜ. ಟಿಪ್ಪುವನ್ನು ಮೆಚ್ಚುವವರಿಗೆ ಆ ಮತಾಂತರ, ಆ ಸೆರೆಮನೆ ನುಂಗಲಾರದ ತುತ್ತು. ಟಿಪ್ಪುವನ್ನು ಹಳಿಯುವವರಿಗೆ, ಅವನಿಂದಲೇ ನೊಂದವನೊಬ್ಬ ಅವನ ಶತ್ರುವಿನ ವಿರುದ್ಧ ಸಾಯುವತನಕ ಹೋರಾಡಿದ್ದು ಅಷ್ಟೇ ಕಷ್ಟದ ಸಂಗತಿ. ಕಾರ್ನಾಡರ ನಾಟಕಪ್ರತಿಭೆಗೆ ಹೇಳಿ ಮಾಡಿಸಿದಂಥ ಪಾತ್ರವಿದು. ನಾಟಕದಲ್ಲಿ ಜಾಗವೂ ಇತ್ತು: ಟಿಪ್ಪುವಿನ ಸಾವಿನ ನಂತರ ಇತಿಹಾಸಕಾರ ಕಿರ್ಮಾನಿಯೂ ಕಂಪನಿಯ ಅಧಿಕಾರಿ ಮೆಕೆಂಜಿಯೂ ಹಿಂದಿನದನ್ನು ನೆನೆಯುವ ಚೌಕಟ್ಟಿನಲ್ಲಿ ಮಲೆನಾಡಿನ ಈ ಮುಂದುವರಿದ ಯುದ್ಧ ಸಹಜವಾಗಿಯೇ ಬರಬಹುದಿತ್ತು.

ಶಿಕಾರಿಪುರ ತಾಲ್ಲೂಕೆಂದರೆ ಎಲ್ಲರಿಗೂ 1942ರ ಈಸೂರು ಸ್ವಾತಂತ್ರ್ಯ ಹೋರಾಟ ನೆನಪಾಗುತ್ತದೆ, ಆಗಲೇಬೇಕು. ಅದಕ್ಕೂ 143 ವರ್ಷ ಮೊದಲು ಇದೇ ನೆಲದಲ್ಲಿ ಇಂಗ್ಲಿಷರನ್ನು ಎದುರಿಸಿದವರ ಬಗ್ಗೆ ನಮ್ಮ ರಂಗಭೂಮಿ ಇನ್ನೂ ಬಾಯಿ ಬಿಟ್ಟಿಲ್ಲ. ಕಾರ್ನಾಡರು ಬಿಟ್ಟ ಈ ಅಂಕವನ್ನು ಮಲೆನಾಡಿನ ನಾಟಕಕಾರರೇ ಬರೆಯಬೇಕು, ಧೋಂಡಿಯಾನ ಸುಲಿಗೆಯನ್ನೂ ಬಚ್ಚಿಡದೆ.